ಅಡಿಲೇಡ್‌ನಿಂದ ಫ್ಲಿಂಡರ್ಸ್ ಬೆಟ್ಟಸಾಲಿಗೆ ವಾರಾಂತ್ಯದ ಪ್ರವಾಸ: ಸಮಗ್ರ ಮಾರ್ಗದರ್ಶಿ

ಸೌತ್ ಆಸ್ಟ್ರೇಲಿಯಾದ ಫ್ಲಿಂಡರ್ಸ್ ಬೆಟ್ಟಸಾಲಿಗೆ ಹೊರಟವರ ಪ್ರವಾಸ ಕೆಡುವುದು ಹೆಚ್ಚಾಗಿ ಒಂದೇ ರೀತಿಯಲ್ಲಿ. ಶುಕ್ರವಾರ ಆಫೀಸು ಮುಗಿಸಿ ಐದೂವರೆಗೆ ಕಾರು ಹತ್ತುತ್ತಾರೆ. ಅಲ್ಲಿನ ತಂಗುದಾಣ ವಿಲ್ಪೀನಾಗೆ ಸುಮಾರು 430 ಕಿ.ಮೀ., ಐದು ಗಂಟೆಯ ದಾರಿ ಎಂದು ಫೋನು ತೋರಿಸುತ್ತದೆ. ಊಟಕ್ಕೆ ನಿಂತು, ಮಕ್ಕಳಿಗಾಗಿ ನಿಂತು ಓರರೂ ಊರು ದಾಟುವಷ್ಟರಲ್ಲಿ ರಾತ್ರಿ ಹತ್ತು. ಎದುರಿಗೆ ದೀಪವಿಲ್ಲದ ನೂರೈವತ್ತು ಕಿ.ಮೀ., ರಸ್ತೆ ಬದಿಯಲ್ಲಿ ಮೇಯುತ್ತಿರುವ ಕಾಂಗರೂಗಳು, ಮುಂದಿನ ಊರಿನಲ್ಲಿ ಬಂಕು ತೆರೆದಿದೆಯೋ ಇಲ್ಲವೋ ಗೊತ್ತಿಲ್ಲ.

ನೋಡುವ ಜಾಗಗಳ ಪಟ್ಟಿ ಮೊದಲು ಬರೆದು, ಅದಕ್ಕೆ ತಕ್ಕಂತೆ ಹೊತ್ತು ಹೊಂದಿಸಲು ಹೋಗುವುದೇ ಇಲ್ಲಿನ ತಪ್ಪು. ಕ್ರಮ ತಿರುಗಿಸಿ. ಮೊದಲು ಹಗಲೆಷ್ಟಿದೆ ಎಂದು ಲೆಕ್ಕ ಹಾಕಿ, ಆಮೇಲೆ ಜಾಗ ಆರಿಸಿ. ಕೆಳಗಿನ ಹಂತಗಳು ಸಾಮಾನ್ಯ ಕಾರು ಇಟ್ಟುಕೊಂಡು, ಇಕಾರಾ-ಫ್ಲಿಂಡರ್ಸ್ ರೇಂಜಸ್ ರಾಷ್ಟ್ರೀಯ ಉದ್ಯಾನಕ್ಕೆ ಮೊದಲ ಸಲ ಹೋಗುವ ನಾಲ್ಕು ಜನರ ಕುಟುಂಬಕ್ಕಾಗಿ.

## ಹಂತ 1: ದಿನ ಗೊತ್ತು ಮಾಡಿ, ಹಗಲು ಲೆಕ್ಕ ಹಾಕಿ

ಎರಡು ದಿನದಲ್ಲಿ ಈ ಪ್ರವಾಸ ಮಾಡಬೇಡಿ. ಹೋಗಿ ಬರಲು ಹತ್ತು ಗಂಟೆ ಡ್ರೈವಿಂಗ್ ಆದರೆ ಉಳಿಯುವುದು ಆಯಾಸ ಮಾತ್ರ. ಶುಕ್ರವಾರ ಮಧ್ಯಾಹ್ನ ಹೊರಟು ಸೋಮವಾರ ಹಿಂತಿರುಗುವಂತೆ ಯೋಜನೆ ಹಾಕಿ. ಸೌತ್ ಆಸ್ಟ್ರೇಲಿಯಾದಲ್ಲಿ ಮಾರ್ಚ್ ಮತ್ತು ಜೂನ್‌ನ ಎರಡನೇ ಸೋಮವಾರ, ಅಕ್ಟೋಬರ್‌ನ ಮೊದಲ ಸೋಮವಾರ ರಜೆ. ಮಾರ್ಚ್‌ನಲ್ಲಿ ಬಿಸಿಲು ಇನ್ನೂ ಇಳಿದಿರುವುದಿಲ್ಲ, ಅದನ್ನು ಬಿಡಿ. ಉಳಿದೆರಡು ಒಳ್ಳೆಯವು. ಆದರೆ ಅವೇ ದಿನಗಳಿಗೆ ಕೊಠಡಿಗಳು ಮೊದಲು ತುಂಬುತ್ತವೆ. ಹಬ್ಬದ ರಜೆಗೆ ಕಾಯದೆ ಮೇ ಅಥವಾ ಆಗಸ್ಟ್‌ನಲ್ಲಿ ಒಂದು ದಿನ ರಜೆ ಹಾಕಿ ಹೋಗುವುದು ಎಲ್ಲಕ್ಕಿಂತ ವಾಸಿ.

ಏಪ್ರಿಲ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಹೋಗಬಹುದು. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ತಿಂಗಳುಗಳಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವುದು ಬೇಡವೇ ಬೇಡ.

ಜೂನ್‌ನಲ್ಲಿ ಅಡಿಲೇಡ್‌ನಲ್ಲಿ ಹೊತ್ತು ಮುಳುಗುವುದು ಸಂಜೆ 5.10ರ ಸುಮಾರಿಗೆ, ಹುಟ್ಟುವುದು ಬೆಳಿಗ್ಗೆ 7.20ಕ್ಕೆ. ಅಂದರೆ ಕೈಗೆ ಸಿಗುವ ಹಗಲು ಹತ್ತೇ ಗಂಟೆ. ಮುಸ್ಸಂಜೆ ಮತ್ತು ಬೆಳಗಿನ ಜಾವ ಪ್ರಾಣಿಗಳು ರಸ್ತೆಗೆ ಬರುವ ಹೊತ್ತು. ಅದರಲ್ಲಿ ಎರಡೂ ಕಡೆ ಅರ್ಧ ಗಂಟೆ ಬಿಟ್ಟರೆ ನಿಮಗೆ ಉಳಿಯುವುದು ಒಂಬತ್ತು ಗಂಟೆ. ಅಕ್ಟೋಬರ್‌ನಲ್ಲಿ ಹೋಗುವವರಿಗೆ ಇನ್ನೊಂದು ಸೂಕ್ಷ್ಮ: ಆ ತಿಂಗಳ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಸಾಮಾನ್ಯವಾಗಿ ಅದು ಇದೇ ರಜೆಯ ನಡುವೆ ಬರುವುದರಿಂದ ಭಾನುವಾರದ ಚಾರಣಕ್ಕೆ ಒಂದು ಗಂಟೆ ತಡವಾಗಿ ಏಳುವವರಿದ್ದಾರೆ.

## ಹಂತ 2: ಕಾಯ್ದಿರಿಸುವುದರಲ್ಲಿ ಕ್ರಮ ತಪ್ಪಬೇಡಿ

ಮೊದಲು ಶನಿವಾರ ಮತ್ತು ಭಾನುವಾರ ರಾತ್ರಿಯ ತಂಗುವ ಜಾಗ, ಆಮೇಲೆ ಶುಕ್ರವಾರದ್ದು, ಆಮೇಲೆ ಕಾರು, ಕೊನೆಗೆ ಉದ್ಯಾನದ ಪ್ರವೇಶ ಪಾಸು. ಕಾರು ಮೊದಲು ಗೊತ್ತು ಮಾಡಿ, ಉಳಿಯಲು ಜಾಗ ಸಿಗದೆ ಎರಡರ ದುಡ್ಡೂ ಕಳೆದುಕೊಳ್ಳುವುದು ಸಾಮಾನ್ಯ.

ವಿಲ್ಪೀನಾದಲ್ಲೇ ರೆಸಾರ್ಟ್ ಮತ್ತು ಡೇರೆ ಹಾಕುವ ಜಾಗ ಇದೆ. ಅಲ್ಲಿ ಭರ್ತಿಯಾಗಿದ್ದರೆ ದಕ್ಷಿಣಕ್ಕೆ ಸುಮಾರು 20 ಕಿ.ಮೀ. ದೂರದ ರಾನ್ಸ್‌ಲೀ ಪಾರ್ಕ್, ಅದೂ ಆಗದಿದ್ದರೆ 55 ಕಿ.ಮೀ. ದೂರದ ಹಾಕರ್ ಊರು. ಹಾಕರ್‌ನಲ್ಲಿ ಉಳಿದರೆ ಸೂರ್ಯಾಸ್ತ ನೋಡಿಕೊಂಡು ಕತ್ತಲಲ್ಲಿ ಕಾರು ಓಡಿಸಬೇಕಾಗುತ್ತದೆ ಎಂಬುದನ್ನು ನೆನಪಿಡಿ. ಉದ್ಯಾನದೊಳಗಿನ ಸಣ್ಣ ಡೇರೆ ತಾಣಗಳಿಗೂ ಆನ್‌ಲೈನ್‌ನಲ್ಲೇ ಮುಂಗಡ ಕಾಯ್ದಿರಿಸಬೇಕು. ಅಲ್ಲಿಗೆ ಹೋದಮೇಲೆ ಮಾಡೋಣ ಎಂದರೆ ನೆಟ್‌ವರ್ಕ್ ಇರುವುದಿಲ್ಲ. ಪಾಸು, ಬುಕಿಂಗ್ ಎಲ್ಲದರ ಸ್ಕ್ರೀನ್‌ಶಾಟ್ ಫೋನಿನಲ್ಲಿರಲಿ.

ಸಾಕುನಾಯಿಯನ್ನು ರಾಷ್ಟ್ರೀಯ ಉದ್ಯಾನದೊಳಗೆ ಒಯ್ಯುವಂತಿಲ್ಲ. ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ.

## ಹಂತ 3: ಕಾರು ಮತ್ತು ಕರಾರುಪತ್ರ

ಅಡಿಲೇಡ್‌ನಿಂದ ವಿಲ್ಪೀನಾವರೆಗೆ, ಅಲ್ಲಿಂದ ಉತ್ತರದ ಬ್ಲಿನ್‌ಮನ್ ಊರಿನವರೆಗೂ ಟಾರು ರಸ್ತೆಯೇ. ಅಷ್ಟಕ್ಕೆ ಯಾವ ಕಾರಾದರೂ ಸಾಕು. ಉದ್ಯಾನದೊಳಗಿನ ಬುನ್ಯಾರೂ ಕಣಿವೆ ಮತ್ತು ಬ್ರಾಕೀನಾ ಕಮರಿಯ ದಾರಿ ಮಾತ್ರ ಜಲ್ಲಿ ಮಣ್ಣಿನದು. ನಡುನಡುವೆ ಹಳ್ಳದ ಉರುಟು ಕಲ್ಲಿನ ಮೇಲೇ ಹಾದುಹೋಗಬೇಕು. ಅದಕ್ಕೆ ನೆಲದಿಂದ ಎತ್ತರವಿರುವ ಗಾಡಿ ಬೇಕು, ಫೋರ್ ವೀಲ್ ಡ್ರೈವ್ ಇದ್ದರೆ ನೆಮ್ಮದಿ.

ಬಾಡಿಗೆ ಕಾರಾದರೆ ಕರಾರಿನಲ್ಲಿ ಐದು ಸಂಗತಿ ಹುಡುಕಿ: ಟಾರಿಲ್ಲದ ರಸ್ತೆಯಲ್ಲಿ ಓಡಿಸಬಹುದೇ, ರಾತ್ರಿ ಪ್ರಾಣಿಗೆ ಡಿಕ್ಕಿಯಾದರೆ ವಿಮೆ ಉಂಟೇ, ಟೈರು ಮತ್ತು ಗಾಜು ಸೇರಿದೆಯೇ, ಕಾರಿನ ತಳಭಾಗಕ್ಕೂ ನೀರಿನಿಂದಾದ ಹಾನಿಗೂ ಯಾರು ಹೊಣೆ, ದಿನಕ್ಕೆ ಎಷ್ಟು ಕಿ.ಮೀ. ಮಿತಿ. ಇಡೀ ಪ್ರವಾಸಕ್ಕೆ 1,100 ಕಿ.ಮೀ. ಇಟ್ಟುಕೊಳ್ಳಿ. ಹೆಚ್ಚು ದುಡ್ಡು ಕೊಟ್ಟು ‘ಪೂರ್ತಿ ವಿಮೆ’ ತೆಗೆದುಕೊಂಡವರೂ ಮಣ್ಣು ರಸ್ತೆಗಿಳಿದ ಕೂಡಲೇ ಆ ರಕ್ಷಣೆ ಕಳೆದುಕೊಳ್ಳುವುದುಂಟು. ಉತ್ತರ ಬರವಣಿಗೆಯಲ್ಲಿ ಪಡೆಯಿರಿ, ಕೌಂಟರಿನ ಬಾಯಿಮಾತು ಲೆಕ್ಕಕ್ಕಿಲ್ಲ.

ಕಾರು ಕೈಗೆ ಬಂದ ತಕ್ಷಣ ಡಿಕ್ಕಿಯ ತಳ ಎತ್ತಿ ಸ್ಟೆಪ್ನಿ ನೋಡಿ. ಹಲವು ಹೊಸ ಕಾರುಗಳಲ್ಲಿ ಇರುವುದು ಗಂಟೆಗೆ 80 ಕಿ.ಮೀ. ಮೀರಬಾರದ ತೆಳು ಚಕ್ರ, ಕೆಲವದರಲ್ಲಿ ಅದೂ ಇಲ್ಲದೆ ಬರೀ ಪಂಕ್ಚರ್ ಅಂಟಿನ ಡಬ್ಬಿ. ಅಂಟು ಸಣ್ಣ ಮೊಳೆಯ ತೂತಿಗಾದೀತು, ಕಲ್ಲು ತಾಗಿ ಟೈರಿನ ಪಕ್ಕ ಸೀಳಿದರೆ ಕೆಲಸಕ್ಕೆ ಬಾರದು. ಮಣ್ಣು ರಸ್ತೆಗೆ ಹೋಗುವುದಾದರೆ ಪೂರ್ತಿ ಅಳತೆಯ ಸ್ಟೆಪ್ನಿ ಇರಲೇಬೇಕು. ಮನೆಯ ಮುಂದೆಯೇ ಒಮ್ಮೆ ಚಕ್ರ ಬಿಚ್ಚಿ ಹಾಕಿ ನೋಡಿ. ಜಾಕಿಯ ಹಿಡಿ ಎಲ್ಲಿದೆ, ಚಕ್ರದ ನಟ್ಟು ನಿಮ್ಮ ಬಲಕ್ಕೆ ಸಡಿಲಾಗುತ್ತದೆಯೇ ಎಂಬುದು ಗೊತ್ತಾಗುವುದು ಆಗಲೇ.

ಜೊತೆಗೆ ಒಯ್ಯಬೇಕಾದವು: ಟೈರಿನ ಗಾಳಿ ಅಳೆಯುವ ಗೇಜು, ಕಾರಿನ ಬ್ಯಾಟರಿಯಿಂದ ಓಡುವ 12 ವೋಲ್ಟ್ ಪಂಪು, ಜಾಕಿಯ ಕೆಳಗಿಡಲು ಒಂದು ಅಡಿ ಅಗಲದ ಗಟ್ಟಿ ಹಲಗೆ (ಮರಳಿನಲ್ಲಿ ಜಾಕಿ ಹೂತುಹೋಗುತ್ತದೆ), ಸಲಿಕೆ, ತಲೆಗೆ ಕಟ್ಟುವ ಟಾರ್ಚು, 10 ಸೆಂ.ಮೀ. ಅಗಲದ ಎಲಾಸ್ಟಿಕ್ ಬ್ಯಾಂಡೇಜು ಎರಡು. ಬ್ಯಾಂಡೇಜು ಹಾವಿಗಾಗಿ, ಅದರ ವಿವರ ಮುಂದೆ ಇದೆ.

## ಹಂತ 4: ಪೆಟ್ರೋಲ್, ನೀರು, ಬುತ್ತಿ

ಪೆಟ್ರೋಲಿನ ಲೆಕ್ಕ ಹೀಗೆ. ಹಾಕರ್‌ನಿಂದ ವಿಲ್ಪೀನಾಗೆ 55, ಅಲ್ಲಿಂದ ಬ್ಲಿನ್‌ಮನ್‌ಗೆ ಸುಮಾರು 60, ಬ್ಲಿನ್‌ಮನ್‌ನಿಂದ ಪಾರಾಚಿಲ್ನಾ ಕಮರಿಯ ಮೂಲಕ ಪಾರಾಚಿಲ್ನಾ ಊರಿಗೆ 30ಕ್ಕೂ ಸ್ವಲ್ಪ ಹೆಚ್ಚು, ಪಾರಾಚಿಲ್ನಾದಿಂದ ಮರಳಿ ಹಾಕರ್‌ಗೆ ಸುಮಾರು 90. ಒಟ್ಟು 240 ಕಿ.ಮೀ. ನೂರು ಕಿ.ಮೀ.ಗೆ 10 ಲೀಟರ್ ಕುಡಿಯುವ ಗಾಡಿಗೆ 24 ಲೀಟರ್. ಮಣ್ಣು ರಸ್ತೆ, ಎದುರುಗಾಳಿ, ಮಾಡಿನ ಮೇಲಿನ ಸಾಮಾನು, ಏಸಿ ಎಲ್ಲ ಸೇರಿ ಇನ್ನು ಐದು ಲೀಟರ್. ಹಾಕರ್‌ನಲ್ಲಿ ಟ್ಯಾಂಕ್ ಫುಲ್ ಮಾಡಿಸಿದರೆ ಈ ಸುತ್ತು ಸಲೀಸು. ಅರ್ಧ ಟ್ಯಾಂಕ್ ಇದೆ, ವಿಲ್ಪೀನಾದಲ್ಲಿ ಹಾಕಿಸೋಣ ಎಂದು ಹಾಕರ್ ದಾಟಬೇಡಿ. ವಿಲ್ಪೀನಾದಲ್ಲಿ ಪೆಟ್ರೋಲ್ ಸಿಗುತ್ತದೆ, ಆದರೆ ದರ ಹೆಚ್ಚು, ಸರಬರಾಜಿಗೆ ತೊಡಕಾದ ದಿನ ಬೇರೆ ದಾರಿಯಿಲ್ಲ.

ನೀರು ತಲೆಗೆ ದಿನಕ್ಕೆ 5 ಲೀಟರ್. ನಾಲ್ಕು ಜನರಿಗೆ ಎರಡು ದಿನಕ್ಕೆ 40, ಜೊತೆಗೆ ಮುಟ್ಟದೆ ಇಡುವ ಆಪತ್ತಿನ 20 ಲೀಟರ್. ಒಂದೇ ದೊಡ್ಡ ಕ್ಯಾನಿನಲ್ಲಿ ತುಂಬಬೇಡಿ. ಹತ್ತು ಲೀಟರಿನ ಆರು ಕ್ಯಾನ್ ಇದ್ದರೆ ಒಂದು ಸೋರಿದರೂ ಐದು ಉಳಿಯುತ್ತವೆ. ಕ್ಯಾನುಗಳನ್ನು ಡಿಕ್ಕಿಯ ಕೆಳಭಾಗದಲ್ಲಿ, ಸೀಟಿಗೆ ಒತ್ತಿ ಇಡಿ. ಮೇಲಿಟ್ಟರೆ ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಹತ್ತು ಕಿಲೋ ಭಾರ ಹಿಂದಿನಿಂದ ತಲೆಗೆ ಬರುತ್ತದೆ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಪೇಟೆಯ ಲೆಕ್ಕ ಬಿಡಬೇಕು. ಔಟ್‌ಬ್ಯಾಕ್ ಎಂಬ ಈ ಒಳನಾಡಿನ ಪಬ್ಬುಗಳ ಅಡುಗೆಮನೆ ರಾತ್ರಿ ಎಂಟರ ಹೊತ್ತಿಗೇ ಮುಚ್ಚುವುದುಂಟು. ಇರುವ ಆಯ್ಕೆ ಚಿಪ್ಸು, ಸಲಾಡಿಗೆ ನಿಲ್ಲಬಹುದು. ಮೊದಲ ದಿನಕ್ಕೆ ಚಪಾತಿ, ಎರಡನೆಯ ದಿನಕ್ಕೆ ಅನ್ನಕ್ಕೆ ಕಲಸಲು ಪುಳಿಯೋಗರೆ ಗೊಜ್ಜು, ಅವಲಕ್ಕಿ, ಚಟ್ನಿಪುಡಿ, ಕಡಲೆಬೀಜ ಒಯ್ಯಿರಿ. ಇದರಲ್ಲಿ ಬಾಯಿರುಚಿಗಿಂತ ದೊಡ್ಡ ಕಾರಣವೊಂದಿದೆ. ಬೆಂಕಿಯ ಅಪಾಯ ಹೆಚ್ಚಿದ ದಿನ ‘ಟೋಟಲ್ ಫೈರ್ ಬ್ಯಾನ್’ ಘೋಷಿಸುತ್ತಾರೆ. ಅಂದು ಬಯಲಿನಲ್ಲಿ ಗ್ಯಾಸ್ ಒಲೆ ಹಚ್ಚುವುದಕ್ಕೂ ಬಿಗಿ ನಿಯಮ. ಒಲೆಯಿಲ್ಲದೆ ಉಣ್ಣಬಹುದಾದ ಒಂದು ದಿನದ ಬುತ್ತಿ ಯಾವಾಗಲೂ ಚೀಲದಲ್ಲಿರಲಿ. ಮಾಮೂಲಿ ದಿನದಲ್ಲೂ ಉದ್ಯಾನದೊಳಗೆ ಸೌದೆ ಆರಿಸುವಂತಿಲ್ಲ.

ಮೆಲ್ಬರ್ನ್, ಸಿಡ್ನಿಯಿಂದ ಬರುವವರು ಹಣ್ಣು ತರಬೇಡಿ. ಹಣ್ಣುನೊಣದ ಕಾರಣ ಬೇರೆ ರಾಜ್ಯಗಳ ಹಣ್ಣಿಗೆ ಸೌತ್ ಆಸ್ಟ್ರೇಲಿಯಾದಲ್ಲಿ ಕಟ್ಟುನಿಟ್ಟಿನ ನಿರ್ಬಂಧವಿದೆ, ದಂಡವೂ ಇದೆ. ಅಡಿಲೇಡ್‌ನಲ್ಲೇ ಕೊಂಡುಕೊಳ್ಳಿ.

## ಹಂತ 5: ಫೋನ್ ಸಿಗದ ಊರಿಗೆ ಸಿದ್ಧತೆ

ಹಾಕರ್ ಮತ್ತು ವಿಲ್ಪೀನಾದಲ್ಲಿ ಟೆಲ್‌ಸ್ಟ್ರಾ ಸಿಗ್ನಲ್ ಸಿಗುತ್ತದೆ. ನಡುವಿನ ದಾರಿ, ಕಮರಿಗಳಲ್ಲಿ ಇಲ್ಲವೇ ಇಲ್ಲ ಎಂದೇ ತಿಳಿಯಿರಿ. ಬೇರೆ ಕಂಪನಿಯ ಸಿಮ್ ಇದ್ದರೆ ಒಂದು ಟೆಲ್‌ಸ್ಟ್ರಾ ಪ್ರೀಪೇಯ್ಡ್ ಸಿಮ್ ಕೊಳ್ಳಿ. ‘ತುರ್ತು ಸಂಖ್ಯೆ 000 ಅಥವಾ 112 ಒತ್ತಿದರೆ ಎಲ್ಲಿದ್ದರೂ ಹೋಗುತ್ತದೆ’ ಎಂಬ ನಂಬಿಕೆ ತಪ್ಪು. ನಿಮ್ಮ ಕಂಪನಿಯ ಗೋಪುರವಿಲ್ಲದ ಕಡೆ ಬೇರೆ ಕಂಪನಿಯ ಗೋಪುರದ ಮೂಲಕ ಹೋದೀತು, ಯಾವ ಗೋಪುರವೂ ಇಲ್ಲದ ಕಡೆ ಹೋಗುವುದಿಲ್ಲ.

ಆದ್ದರಿಂದ 406 ಮೆಗಾಹರ್ಟ್ಸ್‌ನ ಪಿ.ಎಲ್.ಬಿ. ಎಂಬ ಆಪತ್ತಿನ ಬೀಕನ್ ಬಾಡಿಗೆಗಾದರೂ ತನ್ನಿ. ಸ್ವಂತದ್ದಾದರೆ ಆಸ್ಟ್ರೇಲಿಯಾದ ಸಾಗರ ಸುರಕ್ಷತಾ ಪ್ರಾಧಿಕಾರದಲ್ಲಿ ಉಚಿತವಾಗಿ ನೋಂದಾಯಿಸಬೇಕು. ಐಫೋನ್ 14 ಮತ್ತು ನಂತರದವುಗಳಲ್ಲಿ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸಬಹುದು. ಎರಡಕ್ಕೂ ತೆರೆದ ಆಕಾಶ ಬೇಕು. ಕಮರಿಯ ಬಂಡೆಗೋಡೆಗಳ ನಡುವೆ ಸಿಗದಿದ್ದರೆ ಬಯಲಿಗೆ ಬಂದು ಪ್ರಯತ್ನಿಸಿ.

ಮನೆಯಲ್ಲಿರುವ ಒಬ್ಬ ನಂಬಿಕಸ್ತರಿಗೆ ಒಂದು ಚೀಟಿ ಬರೆದುಕೊಡಿ. ಕಾರಿನ ನಂಬರು ಮತ್ತು ಬಣ್ಣ, ದಿನದಿನದ ದಾರಿ, ಪ್ರತಿ ರಾತ್ರಿಯ ಜಾಗ, ‘ಭಾನುವಾರ ರಾತ್ರಿ 8ರೊಳಗೆ ಫೋನ್ ಬರದಿದ್ದರೆ ಮೊದಲು ರೆಸಾರ್ಟ್‌ಗೆ, ಆಮೇಲೆ ಪೊಲೀಸರ 131 444ಕ್ಕೆ ಕರೆ ಮಾಡು’ ಎಂಬ ಸ್ಪಷ್ಟ ಮಾತು. ‘ಎರಡು ದಿನ ಬಿಟ್ಟು ಫೋನ್ ಮಾಡ್ತೀವಿ’ ಎಂದು ಹೇಳಿ ಹೋದರೆ ಯಾರೂ ಹುಡುಕಲು ಶುರುಮಾಡುವುದಿಲ್ಲ. ನಕ್ಷೆಯನ್ನು ಆಫ್‌ಲೈನ್‌ಗೆ ಇಳಿಸಿಕೊಂಡು, ಏರೋಪ್ಲೇನ್ ಮೋಡ್ ಹಾಕಿ ತೆರೆಯುತ್ತದೆಯೇ ಎಂದು ಮನೆಯಲ್ಲೇ ಪರೀಕ್ಷಿಸಿ.

## ಹಂತ 6: ಶುಕ್ರವಾರ ಮತ್ತು ಶನಿವಾರ ಬೆಳಿಗ್ಗೆಯ ದಾರಿ

ಎರಡು ದಾರಿಗಳಿವೆ. ಒಂದು ಪೋರ್ಟ್ ಆಗಸ್ಟಾ, ಕ್ವಾರ್ನ್ ಮೂಲಕ, ಸುಮಾರು 470 ಕಿ.ಮೀ. ದೊಡ್ಡ ಅಂಗಡಿಗಳಿರುವುದು ಈ ದಾರಿಯಲ್ಲಿ, ಲಾರಿಗಳ ಓಡಾಟವೂ ಹೆಚ್ಚು. ಇನ್ನೊಂದು ಕ್ಲೇರ್, ಜೇಮ್ಸ್‌ಟೌನ್, ಓರರೂ ಮೂಲಕ, 430 ಕಿ.ಮೀ. ಎರಡನೆಯದು ನಮ್ಮ ಆಯ್ಕೆ. ಚಿಕ್ಕದು, ಶಾಂತ, ಹಗಲಿನ ಲೆಕ್ಕಕ್ಕೆ ಸರಿಯಾಗಿ ಅರ್ಧಕ್ಕೆ ತುಂಡಾಗುತ್ತದೆ.

ಶುಕ್ರವಾರ ಮಧ್ಯಾಹ್ನ ಒಂದೂವರೆಗೆ ಹೊರಟರೆ ಜೇಮ್ಸ್‌ಟೌನ್‌ವರೆಗಿನ 200ಕ್ಕೂ ಚಿಲ್ಲರೆ ಕಿ.ಮೀ.ಯನ್ನು ನಾಲ್ಕೂವರೆಯೊಳಗೆ ಮುಗಿಸಬಹುದು. ಹೊರಡುವುದು ಮೂರು ಗಂಟೆಯಾದರೆ ಕ್ಲೇರ್‌ನಲ್ಲೇ ನಿಲ್ಲಿ. ಶನಿವಾರ ಬೆಳಿಗ್ಗೆ ಎಂಟಕ್ಕೆ ಹೊರಟರೆ ಹಾಕರ್‌ನಲ್ಲಿ ಟ್ಯಾಂಕ್ ತುಂಬಿಸಿ ಹನ್ನೊಂದಕ್ಕೆಲ್ಲ ವಿಲ್ಪೀನಾ. ಪ್ರತಿ ಎರಡು ಗಂಟೆಗೆ ಡ್ರೈವರ್ ಬದಲಾಗಲಿ.

ಕಾಂಗರೂ ಎದುರಾದರೆ ಸ್ಟೀರಿಂಗ್ ತಿರುಗಿಸಬೇಡಿ. ನೇರವಾಗಿ ಹಿಡಿದು ಬ್ರೇಕ್ ಒತ್ತಿ. ಪಕ್ಕಕ್ಕೆ ಎಳೆದರೆ ಚಕ್ರ ರಸ್ತೆಯಂಚಿನ ಜಲ್ಲಿಗಿಳಿದು ಗಾಡಿ ಪಲ್ಟಿಯಾಗುತ್ತದೆ. ಎಮು ಹಕ್ಕಿ ಒಂದು ದಾಟಿದರೆ ಹಿಂದೆ ಇನ್ನಷ್ಟು ಇರುತ್ತವೆ, ಓಡುತ್ತಾ ಓಡುತ್ತಾ ದಿಕ್ಕನ್ನೂ ಬದಲಿಸುತ್ತವೆ. ಸತ್ತ ಪ್ರಾಣಿಯ ಮೇಲೆ ದೊಡ್ಡ ಹದ್ದು ಕೂತಿರುವುದು ಕಂಡರೆ ದೂರದಿಂದಲೇ ವೇಗ ಇಳಿಸಿ. ತುಂಬ ಭಾರದ ಹಕ್ಕಿ, ರೆಕ್ಕೆ ಬಿಚ್ಚಿ ನೆಲ ಬಿಡಲು ಅದಕ್ಕೆ ಹೊತ್ತು ಬೇಕು. ಎಷ್ಟೋ ಸಲ ಕಾರಿನ ಕಡೆಗೇ ಏಳುತ್ತದೆ.

## ಹಂತ 7: ಮಣ್ಣು ರಸ್ತೆ ಮತ್ತು ಹಳ್ಳ

ಬ್ರಾಕೀನಾ ಕಮರಿಗೆ ಹೋಗುವ ದಿನ ಬೆಳಿಗ್ಗೆ ಸಾರಿಗೆ ಇಲಾಖೆಯ ಔಟ್‌ಬ್ಯಾಕ್ ರಸ್ತೆಗಳ ಪಟ್ಟಿ ನೋಡಿ, ರೆಸಾರ್ಟ್‌ನಲ್ಲೂ ಕೇಳಿ. ಮುಚ್ಚಿದೆ ಎಂದರೆ ಮುಚ್ಚಿದೆ. ಮುಚ್ಚಿದ ರಸ್ತೆಗಿಳಿದರೆ ಭಾರಿ ದಂಡ ಮಾತ್ರವಲ್ಲ, ಹಸಿ ಮಣ್ಣಿನಲ್ಲಿ ನಿಮ್ಮ ಚಕ್ರ ಬಿಟ್ಟ ಕೊರಕಲು ಒಣಗಿ ಮುಂದಿನವರಿಗೆ ಕಂಟಕವಾಗುತ್ತದೆ.

ಟಾರು ಮುಗಿಯುವಲ್ಲಿ ನಿಲ್ಲಿಸಿ. ನಾಲ್ಕೂ ಟೈರಿನ ಗಾಳಿಯನ್ನು, ಸಾಮಾನ್ಯವಾಗಿ 36 ಪಿ.ಎಸ್.ಐ. ಇರುವುದನ್ನು, 28ಕ್ಕೆ ಇಳಿಸಿ. ವಾಲ್ವಿನ ಮುಚ್ಚಳ ಜೇಬಿಗೆ ಹಾಕಿಕೊಂಡು, ಪಿನ್ನನ್ನು ಹತ್ತು ಹತ್ತು ಸೆಕೆಂಡು ಒತ್ತಿ, ಪ್ರತಿ ಸಲ ಗೇಜು ಹಿಡಿದು ನೋಡುತ್ತಾ ಹೋಗಿ. ಮೆತ್ತಗಾದ ಟೈರು ಚೂಪು ಕಲ್ಲಿನ ಮೇಲೆ ಬಾಗಿ ಹೋಗುತ್ತದೆ, ಬಿಗಿಯಾಗಿದ್ದರೆ ಸೀಳುತ್ತದೆ. ಗಾಳಿ ಇಳಿಸಿದ ಮೇಲೆ ವೇಗ ಗಂಟೆಗೆ 60 ಕಿ.ಮೀ. ದಾಟಬಾರದು. ಗಾಳಿ ಕಡಿಮೆಯಿದ್ದು ವೇಗ ಹೆಚ್ಚಾದರೆ ಟೈರು ಕಾದು ಒಡೆಯುತ್ತದೆ. ಟಾರಿಗೆ ಮರಳಿದ ಕೂಡಲೇ ಪಂಪಿನಿಂದ ಮತ್ತೆ ತುಂಬಿ. ಜನ ಮರೆಯುವುದು ಇದನ್ನೇ.

ಎದುರು ಗಾಡಿ ಬಂದರೆ ಎಡಕ್ಕೆ ಸರಿದು ನಿಧಾನಿಸಿ, ಧೂಳು ಇಳಿಯುವವರೆಗೆ ಮುಂದೆ ಹೋಗಬೇಡಿ. ಗಾಜು ಒಡೆಯುವುದು ಎರಡೂ ಗಾಡಿಗಳ ವೇಗ ಸೇರಿ ಸಿಡಿಯುವ ಕಲ್ಲಿನಿಂದ.

ಹಳ್ಳದಲ್ಲಿ ನೀರಿದ್ದರೆ ಮಾತೇ ಇಲ್ಲ, ಹಿಂತಿರುಗಿ. 15 ಸೆಂ.ಮೀ. ಹರಿಯುವ ನೀರು ಸಣ್ಣ ಕಾರನ್ನು ತೇಲಿಸಬಲ್ಲದು. ನೆತ್ತಿಯ ಮೇಲೆ ಬಿಸಿಲಿದ್ದರೂ ದೂರದ ಬೆಟ್ಟದ ಮೇಲೆ ಮೋಡ ಕಪ್ಪಾಗಿದ್ದರೆ ಒಣ ಹಳ್ಳದಲ್ಲಿ ಗಾಡಿ ನಿಲ್ಲಿಸಬೇಡಿ, ಡೇರೆಯಂತೂ ಬೇಡವೇ ಬೇಡ. ಹಳ್ಳದ ದಡದ ದೊಡ್ಡ ರೆಡ್ ಗಮ್ ಮರದ ನೆರಳೂ ಮೋಸದ್ದು. ಗಾಳಿಯಿಲ್ಲದ ದಿನವೂ ಅದರ ದಪ್ಪ ಕೊಂಬೆ ಸೂಚನೆ ಕೊಡದೆ ಮುರಿದು ಬೀಳುತ್ತದೆ.

## ಹಂತ 8: ಅಲ್ಲಿರುವ ಒಂದೂವರೆ ದಿನ

ಶನಿವಾರ ಮಧ್ಯಾಹ್ನ ವಾಂಗಾರಾ ನೋಟದ ತಾಣಕ್ಕೆ ನಡೆಯಿರಿ. ಹೋಗಿ ಬರಲು ಸುಮಾರು 8 ಕಿ.ಮೀ., ಮೂರು ಗಂಟೆ. ಕೊನೆಯ ಏರು ಮಾತ್ರ ಕಡಿದು. ಬಿಸಿಲಿನಲ್ಲಿ ಗಂಟೆಗೆ ಒಂದು ಲೀಟರ್ ನೀರು ಬೇಕು, ಮಧ್ಯಾಹ್ನ ಎರಡರ ನಂತರ ಹೊರಡಬೇಡಿ. ಮುನ್ಸೂಚನೆ 35 ಡಿಗ್ರಿ ದಾಟಿದ್ದರೆ ಚಾರಣ ಕೈಬಿಡಿ.

ಭಾನುವಾರ ಬೆಳಿಗ್ಗೆ ಬ್ರಾಕೀನಾ. 20 ಕಿ.ಮೀ. ದಾರಿಯನ್ನು ಪೂರ್ವದಿಂದ ಪಶ್ಚಿಮಕ್ಕೆ ಓಡಿಸಿ. ಕಲ್ಲಿನ ಪದರಗಳು ಹಳೆಯದರಿಂದ ಹೊಸದಕ್ಕೆ ಸಾಲಾಗಿ ಸಿಗುತ್ತವೆ, ಅಲ್ಲಲ್ಲಿ ವಿವರಣೆಯ ಫಲಕಗಳಿವೆ. ಇಡೀ ಜಗತ್ತಿನ ಭೂವಿಜ್ಞಾನಿಗಳು ಎಡಿಯಾಕರನ್ ಎಂಬ ಪ್ರಾಚೀನ ಭೂಯುಗದ ಆರಂಭವನ್ನು ಗುರುತಿಸಲು 2004ರಲ್ಲಿ ಒಪ್ಪಿಕೊಂಡ ಪದರ ಈ ದಾರಿಯ ಹತ್ತಿರದ ಎನೊರಾಮಾ ಹಳ್ಳದಲ್ಲಿದೆ. ಹಳದಿ ಕಾಲಿನ ಬಂಡೆ ವಾಲಬಿ ಕಾಣಬೇಕಾದರೆ ಎಂಟರಿಂದ ಹತ್ತರೊಳಗೆ ಕಮರಿಯಲ್ಲಿರಿ. ಎಂಜಿನ್ ಆರಿಸಿ, ಬಂಡೆಯ ಚಾಚುಗಳನ್ನು ಸದ್ದಿಲ್ಲದೆ ನೋಡಿ. ಪಟ್ಟೆಪಟ್ಟೆಯ ಬಾಲ ಮೊದಲು ಕಣ್ಣಿಗೆ ಬೀಳುತ್ತದೆ.

ಸೇಂಟ್ ಮೇರಿ ಪೀಕ್ 1,171 ಮೀಟರ್ ಎತ್ತರ, ಈ ಸಾಲಿನಲ್ಲೇ ಎತ್ತರದ್ದು. ಇದು ಅಡ್ನ್ಯಮತನ ಎಂಬ ಮೂಲನಿವಾಸಿ ಜನರ ನೆಲ, ಆ ಶಿಖರ ಅವರಿಗೆ ಪವಿತ್ರ. ತುದಿಗೆ ಹತ್ತಬೇಡಿ ಎಂದು ಅವರು ಕೇಳಿಕೊಂಡಿದ್ದಾರೆ. ತುದಿಗಿಂತ ಕೆಳಗಿನ ಟಾಂಡೆರಾ ಸ್ಯಾಡಲ್‌ನಿಂದಲೇ ಹಿಂತಿರುಗಿ, ಅಲ್ಲಿಂದ ಕಾಣುವುದೇ ಕಣ್ತುಂಬುವಷ್ಟಿದೆ.

ಜೂನ್‌ನಿಂದ ಆಗಸ್ಟ್‌ವರೆಗೆ ರಾತ್ರಿ ಚಳಿ ಸೊನ್ನೆ ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಮರುಭೂಮಿ ಎಂದರೆ ಸೆಕೆ ಎಂದುಕೊಂಡು ತೆಳು ರಗ್ಗು ತಂದವರು ಡೇರೆ ಬಿಟ್ಟು ಕಾರಿನಲ್ಲಿ ಬೆಳಗು ಮಾಡುತ್ತಾರೆ.

## ಹಂತ 9: ಕೆಟ್ಟರೆ, ಕಚ್ಚಿದರೆ, ಬಿಸಿಲು ಹೊಡೆದರೆ

ಗಾಡಿ ನಿಂತರೆ ಗಾಡಿಯನ್ನು ಬಿಟ್ಟು ಹೋಗಬೇಡಿ. ಮೇಲಿನಿಂದ ಹುಡುಕುವವರಿಗೆ ಕಾರು ಕಾಣುತ್ತದೆ, ನಡೆಯುವ ಮನುಷ್ಯ ಕಾಣುವುದಿಲ್ಲ. ಬಾನೆಟ್ ಎತ್ತಿ, ಕಾರಿನ ನೆರಳಿನಲ್ಲಿ ಕೂತು, ನೀರನ್ನು ಗುಟುಕು ಗುಟುಕಾಗಿ ಆದರೆ ಹಿಡಿತ ಮಾಡದೆ ಕುಡಿಯಿರಿ. ಜೀವಕ್ಕೆ ಅಪಾಯವಿದ್ದು ಬೇರೆ ದಾರಿಯಿಲ್ಲದಿದ್ದರೆ ಬೀಕನ್ ಒತ್ತಿ, ಒತ್ತಿದ ಮೇಲೆ ಆರಿಸಬೇಡಿ, ಜಾಗ ಬದಲಿಸಬೇಡಿ.

ತಲೆನೋವು, ಗಾಢ ಹಳದಿ ಮೂತ್ರ, ಮಕ್ಕಳು ಸುಮ್ಮನಾಗಿಬಿಡುವುದು ಬಿಸಿಲು ಹೊಡೆದುದರ ಮೊದಲ ಲಕ್ಷಣಗಳು. ಮಾತು ತೊದಲಿದರೆ, ಗೊಂದಲಪಟ್ಟರೆ ಅದು ತುರ್ತು. ನೆರಳಿಗೆ ತಂದು ಬಟ್ಟೆ ಒದ್ದೆ ಮಾಡಿ, ಗಾಳಿ ಬೀಸಿ, 000ಕ್ಕೆ ಕರೆ ಮಾಡಿ.

ಹಾವು ಕಚ್ಚಿದರೆ ತೊಳೆಯಬೇಡಿ, ಕೊಯ್ಯಬೇಡಿ, ಹಗ್ಗ ಬಿಗಿಯಬೇಡಿ. ಕಚ್ಚಿದ ಜಾಗದ ಮೇಲೆ ಬ್ಯಾಂಡೇಜು ಸುತ್ತಿ, ಇನ್ನೊಂದನ್ನು ಬೆರಳ ತುದಿಯಿಂದ ಮೇಲಕ್ಕೆ ಇಡೀ ಕಾಲಿಗೆ ಬಿಗಿಯಾಗಿ ಸುತ್ತಿ, ಕೋಲು ಕಟ್ಟಿ ಕಾಲು ಅಲುಗದಂತೆ ಮಾಡಿ. ಆ ವ್ಯಕ್ತಿ ಒಂದು ಹೆಜ್ಜೆಯನ್ನೂ ಇಡಬಾರದು, ಗಾಡಿಯೇ ಅವರ ಬಳಿಗೆ ಬರಲಿ.

## ಹಂತ 10: ಸೋಮವಾರ

ಬೆಳಿಗ್ಗೆ ಎಂಟಕ್ಕೆ ಹೊರಡಿ, ಜೇಮ್ಸ್‌ಟೌನ್‌ನಲ್ಲಿ ಊಟ, ಮೂರೂವರೆಯೊಳಗೆ ಅಡಿಲೇಡ್. ಹೊರಡುವ ಮೊದಲು ಟೈರುಗಳ ಸುತ್ತ ಕೈಯಾಡಿಸಿ ಉಬ್ಬು, ಸೀಳು ಇದೆಯೇ ನೋಡಿ. ಪಕ್ಕದಲ್ಲಿ ಉಬ್ಬಿದ ಟೈರು 110ರ ವೇಗದಲ್ಲಿ ಒಡೆಯುತ್ತದೆ, ಸ್ಟೆಪ್ನಿ ಹಾಕಿ ನಿಧಾನವಾಗಿ ಬನ್ನಿ. ಮನೆ ತಲುಪಿದ ಕೂಡಲೇ, ಸಾಮಾನು ಇಳಿಸುವ ಮೊದಲೇ, ಚೀಟಿ ಇಟ್ಟುಕೊಂಡು ಕಾಯುತ್ತಿರುವವರಿಗೆ ಫೋನ್ ಮಾಡಿ.